ಅಣುವಿನೊಳಗಿನ ಹೈಡ್ರೋಜನ್ ಬಂಧವನ್ನು ಗುರುತಿಸುವ ಕ್ರಮ

ಆರ್ಥೋ ನೈಟ್ರೋಫೀನಾಲಿನಲ್ಲಿ ಅಣುವಿನೊಳಗೇ ಹೈಡ್ರೋಜನ್ ಬಂಧವಿದೆ ಎಂಬ ವಾಕ್ಯವನ್ನು ದಾವಣಗೆರೆ, ಚಿತ್ರದುರ್ಗದ ಕಡೆಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾರೆ. ಬೆಂಜೀನ್ ಉಂಗುರದ ಅಕ್ಕಪಕ್ಕದ ಎರಡು ಕಾರ್ಬನ್‌ಗಳಲ್ಲಿ ಹೈಡ್ರಾಕ್ಸಿಲ್ (OH) ಮತ್ತು ನೈಟ್ರೋ (NO₂) ಗುಂಪುಗಳಿರುವ ಅಣು ಇದು. ಆದರೆ ಹೊಸದೊಂದು ಅಣುವಿನಲ್ಲಿ ಆ ಬಂಧ ಇದೆಯೇ ಎಂದು ತಾವೇ ನಿರ್ಧರಿಸಬೇಕಾದಾಗ ತಡವರಿಸುತ್ತಾರೆ. ರಚನೆಯನ್ನು ಕೈಯಾರೆ ಬರೆದು, ಪರಮಾಣುಗಳನ್ನು ಎಣಿಸುವುದೇ ಇದಕ್ಕೆ ನಂಬಬಹುದಾದ ಮೊದಲ ಹೆಜ್ಜೆ.

ಮೊದಲು ಆಕ್ಸಿಜನ್, ನೈಟ್ರೋಜನ್ ಅಥವಾ ಫ್ಲೋರಿನ್‌ಗೆ ಸೇರಿರುವ ಹೈಡ್ರೋಜನನ್ನು ಹುಡುಕಿರಿ. ಈ ಮೂರೂ ಬಂಧದ ಎಲೆಕ್ಟ್ರಾನುಗಳನ್ನು ಬಲವಾಗಿ ತಮ್ಮತ್ತ ಸೆಳೆಯುವುದರಿಂದ ಹೈಡ್ರೋಜನ್ ಭಾಗಶಃ ಧನಾವೇಶ ಪಡೆದಿರುತ್ತದೆ. ಅದೇ ಅಣುವಿನಲ್ಲಿ ಒಂಟಿ ಜೋಡಿ ಎಲೆಕ್ಟ್ರಾನುಗಳಿರುವ, ಅಂದರೆ ಬಂಧದಲ್ಲಿ ತೊಡಗದ ಜೋಡಿಯಿರುವ, ಇನ್ನೊಂದು ಆಕ್ಸಿಜನ್ ಅಥವಾ ನೈಟ್ರೋಜನ್ ಎಲ್ಲಿದೆ ಎಂಬುದನ್ನು ಬಳಿಕ ಗುರುತಿಸಿರಿ. ಇವೆರಡರ ನಡುವಿನ ಸೆಳೆತವೇ ಹೈಡ್ರೋಜನ್ ಬಂಧ.

ಎರಡೂ ಇದ್ದ ಮಾತ್ರಕ್ಕೆ ಬಂಧ ಏರ್ಪಡುವುದಿಲ್ಲ. ಅವು ಒಂದನ್ನೊಂದು ತಲುಪಬೇಕು. ಹೈಡ್ರೋಜನಿನಿಂದ ಹೊರಟು, ಬಂಧಗಳ ಜಾಡಿನಲ್ಲೇ ಆ ಎರಡನೆಯ ಪರಮಾಣುವಿನವರೆಗೆ ಎಣಿಸಿರಿ. ಆರ್ಥೋ ನೈಟ್ರೋಫೀನಾಲಿನಲ್ಲಿ ಹೈಡ್ರೋಜನ್, ಆಕ್ಸಿಜನ್, ಎರಡು ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಎಂದು ಆರು ಪರಮಾಣುಗಳ ಉಂಗುರ ದೊರೆಯುತ್ತದೆ. ಆರರ ಉಂಗುರವೇ ಸಾಮಾನ್ಯವಾಗಿ ಅತ್ಯಂತ ಅನುಕೂಲಕರ. ಎಥಿಲೀನ್ ಗ್ಲೈಕಾಲಿನಲ್ಲಿ ಎಣಿಕೆ ಐದಕ್ಕೇ ನಿಲ್ಲುವುದರಿಂದ ಹೈಡ್ರೋಜನಿನ ಬಳಿ ಬಂಧದ ಕೋನವು ಸರಳರೇಖೆಯಿಂದ ಬಹಳ ಬಾಗಿ, ಬಂಧ ದುರ್ಬಲವಾಗುತ್ತದೆ. ಪ್ಯಾರಾ ನೈಟ್ರೋಫೀನಾಲಿನಲ್ಲಂತೂ ಎರಡು ಗುಂಪುಗಳು ಬೆಂಜೀನ್ ಉಂಗುರದ ಎದುರುಬದುರು ತುದಿಗಳಲ್ಲಿರುವುದರಿಂದ ಅದು ನೆರೆಯ ಅಣುಗಳೊಂದಿಗೆ ಮಾತ್ರ ಬಂಧ ಬೆಳೆಸಬಲ್ಲದು.

ಕಾಗದದ ಮೇಲಿನ ಈ ನಿರ್ಧಾರವನ್ನು ಗುಣಧರ್ಮಗಳೊಂದಿಗೆ ಹೋಲಿಸಿ ನೋಡಲೇಬೇಕು. ಪ್ಯಾರಾ ರೂಪ ಸುಮಾರು 114 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಆರ್ಥೋ ರೂಪ ಸುಮಾರು 45 ಡಿಗ್ರಿಯಲ್ಲೇ, ಅಂದರೆ ನಮ್ಮ ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗಿಂತ ಸ್ವಲ್ಪವೇ ಹೆಚ್ಚಿನ ತಾಪದಲ್ಲಿ, ಕರಗುತ್ತದೆ. ತನ್ನೊಳಗೇ ಬಂಧ ಕಟ್ಟಿಕೊಂಡ ಅಣುವಿಗೆ ನೆರೆಯ ಅಣುಗಳ ಮೇಲಿನ ಹಿಡಿತ ಸಡಿಲವಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಎರಡರ ಮಿಶ್ರಣದ ಮೂಲಕ ನೀರಿನ ಹಬೆಯನ್ನು ಹಾಯಿಸಿದಾಗ ಆರ್ಥೋ ರೂಪವೇ ಹಬೆಯೊಂದಿಗೆ ಹೊರಬರುವುದೂ ಇದರಿಂದಲೇ.

ಇನ್ನೂ ಖಚಿತವಾದ ಪರೀಕ್ಷೆ ಅವಕೆಂಪು ರೋಹಿತದ್ದು, ಅಂದರೆ ಅಣುಗಳು ಯಾವ ಅವಕೆಂಪು ಕಿರಣಗಳನ್ನು ಹೀರುತ್ತವೆ ಎಂಬ ದಾಖಲೆಯದ್ದು. ಕಾರ್ಬನ್ ಟೆಟ್ರಾಕ್ಲೋರೈಡ್‌ನಂತಹ ದ್ರಾವಕದಲ್ಲಿ ದ್ರಾವಣವನ್ನು ತೆಳುವಾಗಿಸುತ್ತಾ ಹೋದಂತೆ ಅಣುಗಳು ದೂರವಾಗಿ, ಅವುಗಳ ನಡುವಿನ ಬಂಧದ ಗುರುತು ಕ್ಷೀಣಿಸುತ್ತದೆ. ಅಣುವಿನೊಳಗಿನ ಬಂಧದ ಗುರುತು ಹಾಗೆಯೇ ಉಳಿಯುತ್ತದೆ.

ಆಮ್ಲಗಳ ವಿಷಯದಲ್ಲಿ, ಪ್ರೋಟಾನ್ ಕಳೆದುಕೊಂಡ ಅಯಾನಿನ ರಚನೆಯನ್ನೂ ಬರೆದು ಮತ್ತೊಮ್ಮೆ ಎಣಿಸಿರಿ. ಸ್ಯಾಲಿಸಿಲಿಕ್ ಆಮ್ಲದ ಅಯಾನಿನಲ್ಲಿ ಋಣಾವೇಶದ ಆಕ್ಸಿಜನನ್ನು ಪಕ್ಕದ ಹೈಡ್ರಾಕ್ಸಿಲ್ ಗುಂಪಿನ ಹೈಡ್ರೋಜನ್ ಗಟ್ಟಿಯಾಗಿ ಹಿಡಿದು ಸ್ಥಿರಗೊಳಿಸುವುದರಿಂದಲೇ ಅದರ ಪಿಕೆಎ (ಆಮ್ಲದ ಬಲದ ಅಳತೆ; ಕಡಿಮೆಯಾದಷ್ಟೂ ಆಮ್ಲ ಪ್ರಬಲ) ಸುಮಾರು 3ಕ್ಕೆ ಇಳಿದಿದೆ. ಪ್ಯಾರಾ ರೂಪದ್ದು ಸುಮಾರು 4.5.