ನಮ್ಮ ಶಾಲೆಯ ಸಮವಸ್ತ್ರದ ಎರಡು ಸಾಲುಗಳನ್ನು ತಿದ್ದಿದ ಬಗೆ

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹೋಬಳಿ ಊರೊಂದರ ಅನುದಾನಿತ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಸೇರಿದ ನಾನು ಈಗ ಅಲ್ಲಿಯೇ ಮುಖ್ಯ ಶಿಕ್ಷಕಿಯಾಗಿದ್ದೇನೆ. ನಮ್ಮ ಶಾಲೆಯ ದಾಖಲಾತಿ ಅರ್ಜಿಯ ಹಿಂಬದಿಯಲ್ಲಿ ಬಹಳ ವರ್ಷಗಳಿಂದ ಎರಡು ಸಾಲುಗಳು ಅಚ್ಚಾಗುತ್ತಿದ್ದವು. ಬಾಲಕರಿಗೆ ಬಿಳಿ ಅಂಗಿ, ನೀಲಿ ಪ್ಯಾಂಟು, ಗಿಡ್ಡ ಕ್ರಾಪು. ಬಾಲಕಿಯರಿಗೆ ನೀಲಿ ಚೂಡಿದಾರ, ವೇಲು, ಓವರ್‌ಕೋಟು, ಎರಡು ಜಡೆ, ಕೆಂಪು ಟೇಪು. ಈ ಎರಡು ಸಾಲುಗಳನ್ನು ತಿದ್ದಿ ಬರೆಯಲು ನಮಗೆ ಸುಮಾರು ಎರಡು ವರ್ಷ ಹಿಡಿಯಿತು. ಅಕ್ಕಪಕ್ಕದ ತಾಲ್ಲೂಕುಗಳ ಕೆಲವು ಮುಖ್ಯ ಶಿಕ್ಷಕರು ಇದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಬೇಕು. 2009ರಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಗೌರಿ ಹಬ್ಬ ಮುಗಿಸಿಕೊಂಡು ಶಾಲೆಗೆ ಬಂದಾಗ ಅವನ ಬೆರಳಿನ ಉಗುರುಗಳಿಗೆ ಬಣ್ಣವಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಮುಂದಕ್ಕೆ ಕರೆದು, ಎಲ್ಲರೂ ನೋಡುತ್ತಿರುವಂತೆ ನಲ್ಲಿ ಕಟ್ಟೆಯ ಕಲ್ಲಿಗೆ ಉಗುರುಗಳನ್ನು ಉಜ್ಜಿಸಲಾಯಿತು. ಶಿಕ್ಷಕರ ಸಾಲಿನಲ್ಲಿ ನಿಂತಿದ್ದ ನಾನು ತಡೆಯಲಿಲ್ಲ. ತಡೆಯದಿದ್ದುದು ಮಾತ್ರವಲ್ಲ, ಆಮೇಲೆ ತರಗತಿಯಲ್ಲಿ "ನಾಳೆಯಿಂದ ಗಂಡು ಹುಡುಗನ ಹಾಗೆ ಬಾ" ಎಂದು ನನ್ನ ಬಾಯಿಂದಲೇ ಹೇಳಿದೆ. ದೀಪಾವಳಿಯ ಹೊತ್ತಿಗೆ ಅವನ ತಾಯಿ ಬಂದು ಟಿ.ಸಿ. ಕೇಳಿದರು. ಶಾಲೆ ಬಿಡಲು ಕಾರಣ ಎಂಬ ಕಡೆ ಗುಮಾಸ್ತರು "ಪೋಷಕರ ಕೋರಿಕೆಯ ಮೇರೆಗೆ" ಎಂದು ಬರೆದರು. ಆ ತಾಯಿ ಕೆಳಗೆ ಹೆಬ್ಬೆಟ್ಟು ಒತ್ತಿದರು. ನಾನು ಪಕ್ಕದ ಮೇಜಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತಿದ್ದೆ.

2021ರ ಆಗಸ್ಟ್‌ನಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗಳು ಮತ್ತೆ ತೆರೆದಾಗ, ಅಷ್ಟು ತಿಂಗಳು ಮನೆಯ ಬಟ್ಟೆಯಲ್ಲಿಯೇ ಇದ್ದ ಮಕ್ಕಳಲ್ಲಿ ಹಲವರು ಸಮವಸ್ತ್ರಕ್ಕೆ ಹಿಡಿಸದಷ್ಟು ಬೆಳೆದಿದ್ದರು. ಅವರ ನಡುವೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೂದಲನ್ನು ಕ್ರಾಪು ಮಾಡಿಸಿಕೊಂಡು, ಅಣ್ಣನ ಅಂಗಿ ಪ್ಯಾಂಟು ತೊಟ್ಟು ಬಂದಳು. ತರಗತಿ ಶಿಕ್ಷಕರು ಅವಳನ್ನು ನನ್ನ ಕೊಠಡಿಗೆ ಕಳುಹಿಸಿದರು. ನಾನು ಏನನ್ನೂ ಕೇಳುವ ಮೊದಲೇ ಅವಳು ಚೀಲದಿಂದ ಹಳೆಯ ವೇಲನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಅದರ ಒಂದು ತುದಿ ಸೈಕಲ್ ಚೈನಿನ ಹಲ್ಲಿಗೆ ಸಿಕ್ಕಿ ಸೀಳಿತ್ತು. ಸೀಳಿದ ಅಂಚಿನುದ್ದಕ್ಕೂ ಗ್ರೀಸಿನ ಕಪ್ಪು ಹಿಡಿದಿತ್ತು. "ಚೈನಿಗೆ ಸಿಕ್ಕಾಕಂತದೆ ಮಿಸ್, ಅದಕ್ಕೇ" ಎಂದಳು. ಆ ಮಾತು ಸುಳ್ಳಾಗಿರಲಿಲ್ಲ, ಆದರೆ ಅಷ್ಟೇ ಅಲ್ಲವೆಂಬುದು ಅವಳ ಕ್ರಾಪಿನಿಂದಲೇ ಗೊತ್ತಾಗುತ್ತಿತ್ತು. ದೊಡ್ಡವರು ಕಾರಣ ಕೇಳಿಯೇ ಕೇಳುತ್ತಾರೆಂದು ತಿಳಿದ ಹದಿನಾಲ್ಕು ವರ್ಷದ ಮಗುವೊಂದು, ದೊಡ್ಡವರು ಒಪ್ಪಬಹುದಾದ ಕಾರಣವನ್ನು ಹುಡುಕಿ, ಅದಕ್ಕೆ ಸಾಕ್ಷಿಯನ್ನೂ ಚೀಲದಲ್ಲಿಟ್ಟುಕೊಂಡು ಬಂದಿತ್ತು. ನಾನು ವೇಲನ್ನು ಮಡಿಸಿ ಅವಳ ಕೈಗೆ ಕೊಟ್ಟು, ತರಗತಿಗೆ ಹೋಗು ಎಂದೆ.

ಸೆಪ್ಟೆಂಬರಿನಲ್ಲಿ ಎಂಟನೇ ತರಗತಿ ಶುರುವಾದಾಗ ಬಂದ ಹುಡುಗನ ವಿಷಯ ಇಷ್ಟು ಸುಲಭವಿರಲಿಲ್ಲ. ಅವನ ಕೂದಲು ಕಿವಿಯಿಂದ ಕೆಳಗಿಳಿದಿತ್ತು, ಕಣ್ಣಿಗೆ ತೆಳುವಾದ ಕಾಡಿಗೆ ಇರುತ್ತಿತ್ತು. ಗಣಿತದ ಮೇಷ್ಟ್ರು ರಜೆಯಲ್ಲಿದ್ದ ಒಂದು ದಿನ ನಾನು ಆ ತರಗತಿಯಲ್ಲಿ ವರ್ಗಮೂಲ ಹೇಳಿಕೊಡುತ್ತಿದ್ದೆ. ಎಂಬತ್ತೊಂದರ ವರ್ಗಮೂಲ ಎಷ್ಟೆಂದು ಕೇಳಿದ್ದೇ ತಡ, ಹಿಂದಿನ ಬೆಂಚುಗಳಿಂದ "ಒಂಬತ್ತು" ಎಂಬ ಕೂಗು ಎದ್ದು, ಇಡೀ ತರಗತಿ ಆ ಹುಡುಗನ ಕಡೆ ತಿರುಗಿ ನಕ್ಕಿತು. ನಮ್ಮ ಕಡೆ ಆ ಸಂಖ್ಯೆಯನ್ನು ಯಾರನ್ನು ಹೀಯಾಳಿಸಲು ಬಳಸುತ್ತಾರೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬೆಂಚುಗಳ ನಡುವೆ ನಡೆದು ಅವನ ಪುಸ್ತಕ ನೋಡಿದೆ. ಉಳಿದ ಅಂಕಿಗಳೆಲ್ಲ ಚೌಕಕ್ಕೆ ಸರಿಯಾಗಿ ದುಂಡಗಿದ್ದವು; 9 ಬರುವ ಕಡೆಗಳಲ್ಲಿ ಮಾತ್ರ ಅದು ಸಾಸಿವೆ ಕಾಳಿನಷ್ಟಾಗಿ, ಗೆರೆಗೆ ಅಂಟಿಕೊಂಡಿತ್ತು. 2009ರ ಹುಡುಗನ ಮುಖ ನನಗೆ ನೆನಪಾದದ್ದು ಅಲ್ಲಿಯೇ. ಈ ಸಲ ಟಿ.ಸಿ. ಪುಸ್ತಕ ಹೊರಗೆ ಬರಬಾರದು ಎಂದು ನಿಶ್ಚಯಿಸಿಕೊಂಡೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಓದಿಕೊಂಡೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ನೀಡಿದ ತೀರ್ಪು, ಲಿಂಗತ್ವವನ್ನು ವ್ಯಕ್ತಿ ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಿದ್ದಲ್ಲದೆ, ಉಡುಪಿನ ಮೂಲಕ ಅದನ್ನು ತೋರ್ಪಡಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದೂ ಹೇಳಿದೆ. 2019ರಲ್ಲಿ ಬಂದ ತೃತೀಯ ಲಿಂಗಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 3ನೇ ಕಲಂ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದರೆ, 13ನೇ ಕಲಂ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ನೀಡಬೇಕಾದ ಹೊಣೆಯನ್ನು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆ ಹೊರಿಸಿದೆ. ನಮ್ಮ ರಾಜ್ಯವೂ 2017ರಲ್ಲಿ ಈ ಸಮುದಾಯಕ್ಕಾಗಿ ಒಂದು ನೀತಿಯನ್ನು ರೂಪಿಸಿತ್ತು. ಇವೆಲ್ಲ ನನಗೆ ಧೈರ್ಯ ಕೊಟ್ಟವು. ಆದರೂ ಇವುಗಳನ್ನು ಮುಂದಿಟ್ಟುಕೊಂಡು ಹೊರಟರೆ, ಆ ಇಬ್ಬರು ಮಕ್ಕಳನ್ನು ಕರೆದು "ನೀನು ಯಾರು ಹೇಳು, ಆಮೇಲೆ ಅನುಮತಿ ಕೊಡುತ್ತೇವೆ" ಎಂದು ಕೇಳಿದಂತಾಗುತ್ತಿತ್ತು. ಕ್ರಾಪು ಮಾಡಿಸಿಕೊಂಡ ಹುಡುಗಿ ಮುಂದೆ ಏನೆಂದು ಹೇಳಿಕೊಳ್ಳುತ್ತಾಳೋ ಅವಳಿಗೇ ಆಗ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಪ್ಯಾಂಟು ತೊಡಲು ಒಂದು ಹೆಸರು ಬೇಕು, ಪ್ರಮಾಣಪತ್ರ ಬೇಕು ಎಂದರೆ, ಕಾರಣ ಕೇಳುವ ಹಳೆಯ ರೂಢಿಗೆ ಹೊಸ ಅರ್ಜಿ ನಮೂನೆಯನ್ನು ಸೇರಿಸಿದಂತಾಗುತ್ತದೆ. ಆದ್ದರಿಂದ ಯಾವ ಮಗುವಿಗೂ ವಿನಾಯಿತಿ ಕೊಡುವುದು ಬೇಡ, ನಿಯಮವನ್ನೇ ಎಲ್ಲರಿಗೂ ಒಂದೇ ಆಗುವಂತೆ ಬರೆಯೋಣ ಎಂಬ ತೀರ್ಮಾನಕ್ಕೆ ಬಂದೆ.

ಕೇರಳದ ಎರಡು ಉದಾಹರಣೆಗಳು ನನ್ನ ಮುಂದಿದ್ದವು. ಎರ್ನಾಕುಲಂ ಜಿಲ್ಲೆಯ ವಲಯಂಚಿರಂಗರ ಪ್ರಾಥಮಿಕ ಶಾಲೆ 2018ರಲ್ಲಿ ಎಲ್ಲ ಮಕ್ಕಳಿಗೂ ಮೊಣಕಾಲಿನ ಕೆಳಗೆ ಬರುವ ಚಡ್ಡಿ ಮತ್ತು ಅಂಗಿಯನ್ನು ಗೊತ್ತುಮಾಡಿತ್ತು. ಬಾಲುಶ್ಶೇರಿಯ ಸರ್ಕಾರಿ ಶಾಲೆ 2021ರ ಡಿಸೆಂಬರಿನಲ್ಲಿ ಪ್ಲಸ್ ಒನ್ (ಹನ್ನೊಂದನೇ) ತರಗತಿಯ ಹುಡುಗ ಹುಡುಗಿಯರಿಗೆ ಒಂದೇ ಬಗೆಯ ಪ್ಯಾಂಟು ಅಂಗಿ ತಂದಿತ್ತು. ಅವರ ಧೈರ್ಯವನ್ನು ಮೆಚ್ಚುತ್ತೇನೆ. ಆದರೆ ಹುಡುಗರ ಉಡುಪನ್ನೇ ಎಲ್ಲರ ಉಡುಪಾಗಿ ಮಾಡಿದರೆ ಹುಡುಗಿಯರಿಗೆ ಅನುಕೂಲವಾಗುತ್ತದೆಯೇ ಹೊರತು, ಚೂಡಿದಾರ ಇಷ್ಟಪಡುವ ಹುಡುಗನಿಗೆ ಏನೂ ಸಿಗುವುದಿಲ್ಲ. ಚೂಡಿದಾರದಲ್ಲಿಯೇ ಹಾಯಾಗಿರುವ ಹುಡುಗಿಗೂ ಅದು ಒತ್ತಾಯವಾಗುತ್ತದೆ. ನಮಗೆ ಬೇಕಾಗಿದ್ದುದು ಆಯ್ಕೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರದಿಂದ ಬರುತ್ತದೆ. ನಮ್ಮಂಥ ಶಾಲೆಗಳು ತಮ್ಮದನ್ನು ತಾವೇ ಗೊತ್ತುಪಡಿಸಿಕೊಳ್ಳುತ್ತವೆ. ಅದನ್ನು ಬದಲಿಸುವ ಕ್ರಮವನ್ನು 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮ ಹೇಳುತ್ತದೆ: ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಈ ವಿಷಯಕ್ಕೆ ಕೈಹಾಕುವ ಎಲ್ಲ ಮುಖ್ಯ ಶಿಕ್ಷಕರೂ ಮೊದಲು ಓದಬೇಕಾದದ್ದು ಇದನ್ನೇ. ತಡ ಮಾಡುವ ನಿಯಮದಂತೆ ಕಂಡರೂ, ಆ ಒಂದು ವರ್ಷವೇ ನಮಗೆ ಮಾತನಾಡಲು ಬಿಡುವು ಒದಗಿಸಿತು.

ಆಡಳಿತ ಮಂಡಳಿಯವರು ಹೆದರಿದ್ದರು. ಹಿಜಾಬ್ ವಿವಾದದಲ್ಲಿ ಹೊರಬಿದ್ದ 2022ರ ಫೆಬ್ರುವರಿಯ ಸರ್ಕಾರಿ ಆದೇಶದ ನಂತರ ಸಮವಸ್ತ್ರ ಎಂಬ ಪದವೇ ಹೈಕೋರ್ಟಿನ ಮುಂದೆ, ಬೀದಿಯ ಮೇಲೆ ಇದ್ದ ದಿನಗಳವು. ಈ ಹೊತ್ತಿನಲ್ಲಿ ಇದನ್ನು ಮುಟ್ಟಬೇಕೇ ಎಂದು ಅಧ್ಯಕ್ಷರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಣ್ಣವಾಗಲಿ ಬಟ್ಟೆಯಾಗಲಿ ಬದಲಾಗುವುದಿಲ್ಲ, ಯಾವ ಪೋಷಕರೂ ಹೊಸದಾಗಿ ಒಂದು ರೂಪಾಯಿ ಖರ್ಚು ಮಾಡಬೇಕಾಗಿಲ್ಲ, "ಬಾಲಕರಿಗೆ", "ಬಾಲಕಿಯರಿಗೆ" ಎಂಬ ಎರಡು ಪದಗಳನ್ನು ಮಾತ್ರ ತೆಗೆಯೋಣ ಎಂದು ಬರೆದುಕೊಟ್ಟ ಮೇಲೆ, 2022ರ ಜೂನ್‌ನಲ್ಲಿ ಪೋಷಕರಿಗೆ ಸೂಚನೆ ಕಳುಹಿಸಲು ಒಪ್ಪಿದರು.

ಪೋಷಕರ ಸಭೆ ಕಷ್ಟದ್ದಾಗಿತ್ತು. "ಗಂಡುಬೀರಿ ಮಾಡ್ಬುಟ್ರೆ ನಾಳೆ ಮದುವೆ ಯಾರ್ ಮಾಡ್ಕಂತಾರೆ ಮೇಡಮ್ಮೋರೆ?" ಎಂದು ಒಬ್ಬರು ಎದ್ದು ಕೇಳಿದರು, ಅವರ ಮಗಳು ನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲು ಬಂದವಳು, ಓಡಿದ್ದು ಟ್ರ್ಯಾಕ್ ಪ್ಯಾಂಟಿನಲ್ಲಿ. ಅದನ್ನು ಹೇಳಿದಾಗ ಹುಡುಗಿಯರ ಪ್ಯಾಂಟಿನ ಬಗ್ಗೆ ವಿರೋಧ ಇಳಿಯಿತು. ಹುಡುಗರ ಕೂದಲಿನ ವಿಷಯಕ್ಕೆ ಬಂದ ಕೂಡಲೇ ಮತ್ತೆ ಏರಿತು. ಹುಡುಗಿ ಹುಡುಗನಂತೆ ಬಟ್ಟೆ ತೊಟ್ಟರೆ ಒಂದು ಮೆಟ್ಟಿಲು ಹತ್ತಿದಂತೆ, ಹುಡುಗ ಹುಡುಗಿಯಂತೆ ಕಂಡರೆ ಇಳಿದಂತೆ ಎಂಬ ಲೆಕ್ಕ ನಮ್ಮೆಲ್ಲರ ಒಳಗೂ ಇದೆ; ಹೆಣ್ಣನ್ನು ಕೀಳೆಂದು ಎಣಿಸುವುದು ಬಿಟ್ಟರೆ ಈ ಲೆಕ್ಕಕ್ಕೆ ಬೇರೆ ಬುಡವೇ ಇಲ್ಲ. ಆಗ ಮೊಮ್ಮಗನ ಪರವಾಗಿ ಬಂದಿದ್ದ ಅಜ್ಜಿಯೊಬ್ಬರು ಕುಳಿತಲ್ಲಿಂದಲೇ ಹೇಳಿದರು: "ನಮ್ ಯಜಮಾನ್ರು ಕುರುಕ್ಷೇತ್ರದಲ್ಲಿ ದ್ರೌಪದಿ ಪಾರ್ಟು ಕಟ್ತಿದ್ರು. ಸೀರೆ ನಾನೇ ಉಡುಸ್ತಿದ್ದೆ, ನೆರಿಗೆ ನಾನೇ ಹಿಡೀತಿದ್ದೆ. ಬೆಳಗಾನ ಎದ್ದು ನೇಗಿಲು ಹೊತ್ಕಂಡ್ ಗದ್ದೆಗೆ ಹೋಯ್ತಿದ್ರು. ಏನಾಗೋಯ್ತು?" ಮಂಡ್ಯದ ಊರುಗಳಲ್ಲಿ ಕುರುಕ್ಷೇತ್ರ ನಾಟಕ ನೋಡದವರಿಲ್ಲ, ಸಭೆ ಮೆತ್ತಗಾಯಿತು. ಆ ಅಜ್ಜಿಗೆ ನಾನು ಋಣಿ. ಆದರೂ ಈ ವಾದವನ್ನು ಹೆಚ್ಚು ನೆಚ್ಚಿಕೊಳ್ಳಬಾರದೆಂದು ನನ್ನ ಅನಿಸಿಕೆ. ಬೆಳಗಾದರೆ ಬಣ್ಣ ಅಳಿಸಿಕೊಳ್ಳುವವನನ್ನು ಊರು ಮೆಚ್ಚುತ್ತದೆ. ನಮ್ಮ ಹುಡುಗ ಬಣ್ಣ ಹಚ್ಚಿ ಆಡುತ್ತಿರಲಿಲ್ಲ, ತನ್ನ ಪಾಡಿಗೆ ತಾನಿದ್ದ.

ನಿಯಮವನ್ನು ಹೊಸದಾಗಿ ಬರೆಯುವಾಗ ಒಂದು ಕ್ರಮ ಇಟ್ಟುಕೊಂಡೆವು. ಪ್ರತಿ ಅಂಶಕ್ಕೂ ಶಾಲೆಗೆ ಸಂಬಂಧಿಸಿದ ಕಾರಣವನ್ನು ನಾವೇ ಕೊಡಬೇಕು, ಕೊಡಲಾಗದಿದ್ದರೆ ಆ ಅಂಶವನ್ನು ಬಿಡಬೇಕು. ಸ್ಪಿರಿಟ್ ದೀಪ ಹಚ್ಚುವ ಪ್ರಯೋಗಾಲಯದಲ್ಲಿ ಉದ್ದ ಕೂದಲು ಕಟ್ಟಿರಬೇಕು, ವೇಲು ಸೊಂಟಕ್ಕೆ ಬಿಗಿದಿರಬೇಕು. ಇದಕ್ಕೆ ಕಾರಣವಿದೆ, ಇದು ಎಲ್ಲರಿಗೂ ಅನ್ವಯಿಸುತ್ತದೆ. ಓಲಾಡುವ ಓಲೆ ಆಟದ ಮೈದಾನದಲ್ಲಿ ಕಿವಿ ಹರಿಯಬಹುದು, ಆದ್ದರಿಂದ ಎಲ್ಲರಿಗೂ ಸಣ್ಣ ಓಲೆ ಮಾತ್ರ. ಎರಡು ಜಡೆ ಏಕೆ ಎಂಬುದಕ್ಕೆ ಒಂದು ಗಂಟೆ ಚರ್ಚಿಸಿದರೂ ಶಿಕ್ಷಕರಲ್ಲಿ ಯಾರಿಗೂ ಕಾರಣ ಹೊಳೆಯಲಿಲ್ಲ, ಅದು ಹೋಯಿತು. ಹುಡುಗರ ಗಿಡ್ಡ ಕ್ರಾಪೂ ಹಾಗೆಯೇ ಹೋಯಿತು. ಉಗುರು ಬಣ್ಣದ ಮೇಲೆ ಮತ ಹಾಕುವ ಹೊತ್ತಿಗೆ ನಾನು 2009ರದನ್ನು ಎಲ್ಲರೆದುರು ಹೇಳಿದೆ. ಉಗುರು ಶುಚಿಯಾಗಿರಬೇಕು ಎಂಬಷ್ಟನ್ನೇ ಉಳಿಸಿಕೊಂಡೆವು.

ದರ್ಜಿಯವರದು ಬೇರೆಯೇ ಪ್ರಶ್ನೆಯಾಗಿತ್ತು. ನಮ್ಮ ಮಕ್ಕಳ ಬಟ್ಟೆಯನ್ನು ಬಹಳ ವರ್ಷಗಳಿಂದ ಹೊಲಿಯುವ ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, ಅಳತೆ ಪುಸ್ತಕ ಬಿಚ್ಚಿ ಕೇಳಿದರು: "ಮೇಡಂ, ಹೆಣ್ಮಕ್ಕಳ ಅಂಗಿಗೆ ಗುಂಡಿ ಎಡಕ್ಕೆ ಬರಬೇಕು, ಗಂಡ್ಮಕ್ಕಳದು ಬಲಕ್ಕೆ. ಈಗ ಯಾವ ಕಡೆ ಇಡಲಿ?" ಗುಂಡಿಗೂ ಹೆಣ್ಣು ಗಂಡೆಂಬುದಿದೆ ಎಂದು ಅಷ್ಟು ವರ್ಷ ಅಂಗಿ ನೋಡಿದ್ದರೂ ನಾನು ಗಮನಿಸಿರಲಿಲ್ಲ. ಎಲ್ಲದಕ್ಕೂ ಬಲಕ್ಕೆ ಇಡಿ ಎಂದೆ. ಒಂದೇ ಬಗೆಯಲ್ಲಿ ಹೊಲಿದರೆ ಅಣ್ಣನದು ತಂಗಿಗೂ ಆಗುತ್ತದೆ. ಚೂಡಿದಾರಕ್ಕೂ ಎರಡು ಜೇಬು ಇಡಲು ಹೇಳಿದ್ದು ಹುಡುಗಿಯರಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು. ಶೌಚಾಲಯದ ಪ್ರಶ್ನೆಯೂ ಬಂತು. ಸಿಬ್ಬಂದಿ ಕೊಠಡಿಯ ಪಕ್ಕದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂಟಿ ಶೌಚಾಲಯವನ್ನು ಯಾರು ಬೇಕಾದರೂ ಬಳಸಬಹುದೆಂದು ಬಾಗಿಲಿಗೆ ಬರೆಸಿದೆವು.

ಕ್ರಾಪಿನ ಹುಡುಗಿ ಹೊಸ ನಿಯಮ ಜಾರಿಗೆ ಬರುವ ಮೊದಲೇ ಹತ್ತನೇ ತರಗತಿ ಮುಗಿಸಿದಳು. ಅಲ್ಲಿಯವರೆಗೆ ಅವಳು ಬಾಯಿಮಾತಿನ ಒಪ್ಪಿಗೆಯ ಮೇಲೆ ಬಂದಳು. 2023ರ ಮಾರ್ಚ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೊಂದು ಶಾಲೆಯ ಕೇಂದ್ರದಲ್ಲಿತ್ತು. ನಾನು ಅಲ್ಲಿನ ಮುಖ್ಯ ಅಧೀಕ್ಷಕರಿಗೆ ಮೊದಲೇ ಪತ್ರ ಕೊಟ್ಟಿದ್ದರೂ, ಪ್ರವೇಶ ಪತ್ರದಲ್ಲಿ ಹೆಣ್ಣೆಂದಿದೆ, ನಿಂತಿರುವವನು ಹುಡುಗ ಎಂದು ಗೇಟಿನಲ್ಲಿ ಅವಳನ್ನು ತಡೆದರು. ಒಳಗಿದ್ದವರಿಗೆ ಕೊಟ್ಟ ಪತ್ರ ಗೇಟಿನಲ್ಲಿದ್ದವರಿಗೆ ತಲುಪಿರಲಿಲ್ಲ. ಅದನ್ನು ಯೋಚಿಸದೆ ಇದ್ದುದು ನನ್ನ ಕೊರತೆ. ಹತ್ತು ನಿಮಿಷ ತಡವಾಗಿ ಒಳಗೆ ಹೋದಳು, ಬರೆದಳು, ತೇರ್ಗಡೆಯಾದಳು. ಈಗ ಅಂಥ ಮಕ್ಕಳಿಗೆ ಪತ್ರದ ನಕಲನ್ನು ಶಾಲೆಯ ಮೊಹರು ಒತ್ತಿ ಕೈಗೇ ಕೊಡುತ್ತೇವೆ. ಮೊದಲ ದಿನ ನಾನೇ ಗೇಟಿನ ಬಳಿ ನಿಲ್ಲುತ್ತೇನೆ.

2023ರ ಜೂನ್‌ನಿಂದ ಹೊಸ ನಿಯಮ ನಡೆಯುತ್ತಿದೆ. ಸೈಕಲ್ಲಿನಲ್ಲಿ ಬರುವ ಹುಡುಗಿಯರಲ್ಲಿ ಬಹುಪಾಲು ಪ್ಯಾಂಟಿಗೆ ಬಂದಿದ್ದಾರೆ. ಚೂಡಿದಾರ ಆರಿಸಿಕೊಂಡ ಹುಡುಗ ಈವರೆಗೆ ಒಬ್ಬನೂ ಇಲ್ಲ. ನಿಯಮ ಬಿಟ್ಟರೂ ಬೀದಿ ಬಿಟ್ಟಿಲ್ಲ ಎಂಬುದು ನನಗೆ ಗೊತ್ತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ, ಸಮವಸ್ತ್ರದ ಬದಲಾವಣೆಯನ್ನು ಕೊನೆಯವರೆಗೂ ವಿರೋಧಿಸಿದ್ದ ಹಿರಿಯ ಶಿಕ್ಷಕರೊಬ್ಬರು ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, ಹೆಣ್ಣೋ ಗಂಡೋ ಎಂದು ಕೇಳುವುದನ್ನು ನಾವು ಹೊಟ್ಟೆಯೊಳಗಿನಿಂದಲೇ ಶುರುಮಾಡಿದ್ದೇವೆ ಮೇಡಂ ಎಂದರು. ಉದ್ದ ಕೂದಲಿನ ಹುಡುಗ ಆಗ ಹತ್ತನೇ ತರಗತಿಯಲ್ಲಿದ್ದ. ಕಪ್ಪು ರಬ್ಬರ್ ಬ್ಯಾಂಡಿನಿಂದ ಕೂದಲು ಕಟ್ಟಿಕೊಂಡು ಪ್ರಯೋಗಾಲಯದ ದೀಪದ ಮುಂದೆ ನಿಲ್ಲುತ್ತಿದ್ದ. "ಒಂಬತ್ತು" ಎಂಬ ಕೂಗು ಪೂರ್ತಿ ನಿಂತಿರಲಿಲ್ಲ; ಅವನ ಪುಸ್ತಕದಲ್ಲಿ ಆ ಅಂಕಿ ಮಾತ್ರ ಉಳಿದವುಗಳಷ್ಟೇ ದೊಡ್ಡದಾಗಿತ್ತು. 2024ರಲ್ಲಿ ಅವನು ಟಿ.ಸಿ. ತೆಗೆದುಕೊಂಡದ್ದು ಪಿಯುಸಿಗೆ ಸೇರಲೆಂದು.

ನಾನು 2027ರಲ್ಲಿ ನಿವೃತ್ತಳಾಗುತ್ತೇನೆ. 11ನೇ ನಿಯಮದ ಐದು ವರ್ಷ ಮುಗಿಯುವುದು 2028ರಲ್ಲಿ. ನನ್ನ ನಂತರ ಬರುವವರಿಗಾಗಿ ಕಪಾಟಿನ ಮೇಲಿನ ಅರೆಯಲ್ಲಿ ಒಂದು ಕಡತ ಇಟ್ಟಿದ್ದೇನೆ: ಪೋಷಕರಿಗೆ ಕಳುಹಿಸಿದ ಸೂಚನೆ, ಆಡಳಿತ ಮಂಡಳಿಯ ನಡಾವಳಿ, ಪರೀಕ್ಷಾ ಕೇಂದ್ರಕ್ಕೆ ಕೊಡುವ ಪತ್ರದ ಮಾದರಿ, ಗುಂಡಿ ಬಲಕ್ಕೆ ಎಂದು ದರ್ಜಿಯವರು ತಮ್ಮ ಕೈಯಲ್ಲಿ ಬರೆದುಕೊಂಡ ಅಳತೆ ಚೀಟಿ.