ಅರ್ಧಕ್ಕೆ ನಿಂತಿದ್ದ ಹಿಂಬದಿ ಕಟ್ಟಡ ಮುಗಿಸಿದ ಬಗೆ

ಕೊಡಗಿನ ಮಳೆಗೆ ಅರ್ಧ ಕಟ್ಟಿ ಬಿಟ್ಟ ಗೋಡೆ ಬಿಟ್ಟ ಸ್ಥಿತಿಯಲ್ಲೇ ಉಳಿಯುವುದಿಲ್ಲ. ನಾಲ್ಕಾರು ಮಳೆಗಾಲ ಕಳೆದ ಮೇಲೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಲು ಹೋದರೆ ಹೊಸ ಕೆಲಸ ಹಳೆ ಕೆಲಸದ ಹುಳುಕಿನ ಮೇಲೆ ಕೂರುತ್ತದೆ. ಆದ್ದರಿಂದ ಮೊದಲು ತಪಾಸಣೆ, ಆಮೇಲೆ ನೀರಿನ ದಾರಿ, ಅದಾದ ಮೇಲೆ ಸೂರು. ಉಳಿದದ್ದೆಲ್ಲ ಸೂರಿನ ಕೆಳಗೆ ನಿಂತು ನಿಧಾನವಾಗಿ ಮಾಡಿಕೊಳ್ಳಬಹುದು.

ಮಡಿಕೇರಿ ಕಡೆಯ ತೋಟದ ಮನೆ ನಮ್ಮದು. ಹಳೆ ಮಣ್ಣಿನ ಗೋಡೆಯ ಹಂಚಿನ ಮನೆಗೆ ತಾಗಿದಂತೆ 28 ಅಡಿ ಉದ್ದ, 10 ಅಡಿ ಅಗಲದ ಅಡುಗೆಮನೆ, ಬಚ್ಚಲು ಮತ್ತು ಸಣ್ಣ ಜಗಲಿ. ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆ ಎದ್ದಿತ್ತು, ಒಳಗೆ ನೀರಿನ ಪೈಪು ಮತ್ತು ಕಾಂಡ್ಯೂಟ್ (ವೈರ್ ಹಾಯುವ ಕೊಳವೆ) ಹೂತಿದ್ದವು, ಮೇಲೆ ತಾತ್ಕಾಲಿಕ ಶೀಟು. ಅಷ್ಟಕ್ಕೇ ನಿಂತಿದ್ದ ಕೆಲಸ ಇದು.

ತಪಾಸಣೆಗೆ ಒಳ್ಳೆಯ ಕಾಲ ಆಗಸ್ಟ್, ಮಳೆ ಜಡಿಯುತ್ತಿರುವಾಗಲೇ. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಗೋಡೆಯೂ ಒಣಗಿಯೇ ಕಾಣುತ್ತದೆ. ಒಲೆಯ ಇದ್ದಿಲು ಹಿಡಿದು ನೀರು ಇಳಿಯುವ ಜಾಗ, ಥಂಡಿ ಏರಿದ ಎತ್ತರ, ಎರಚಲು ಹೊಡೆಯುವ ಗೋಡೆ ಎಲ್ಲವನ್ನೂ ಗೀಟು ಹಾಕಿ ಗುರುತಿಸಿದೆವು. ಥಂಡಿ ಗೋಡೆಯೊಳಗಿನದ್ದೋ ಬರೀ ಗಾಳಿಯ ತೇವವೋ ಎಂಬ ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಗೋಡೆಗೆ ತಾಗಿದ ಮಗ್ಗುಲಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರ ಮಗ್ಗುಲಲ್ಲಿ ಕಟ್ಟಿದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದರೆ ಸಾಕು.

ಬ್ಲಾಕ್ ಗೋಡೆಯ ತುದಿಯ ಸಾಲು ಸಾಮಾನ್ಯವಾಗಿ ಹಾಳಾಗಿರುತ್ತದೆ, ಸಂದಿನ ಗಾರೆ ತೊಳೆದುಹೋಗಿ ಕೈಯಲ್ಲೇ ಎತ್ತಲು ಬರುತ್ತದೆ. ಅದನ್ನು ತೆಗೆದು ಹೊಸದಾಗಿ ಕಟ್ಟುವುದೇ ಸರಿ. ಪಾಚಿ ಕಟ್ಟಿದ ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಹೊಡೆದು, ಮರುದಿನ ಚೆನ್ನಾಗಿ ತೊಳೆಯಬೇಕು. ಪಾಚಿಯ ಮೇಲೆ ಬಿದ್ದ ಗಾರೆ ಎರಡನೇ ವರ್ಷ ಹಪ್ಪಳದಂತೆ ಎದ್ದು ಬರುತ್ತದೆ. ಹೊರಗೆ ಚಾಚಿಕೊಂಡ ಕಂಬಿಯ ಮೇಲಿನ ತೆಳು ತುಕ್ಕಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಉದುರುತ್ತಿದ್ದರೆ ಉಜ್ಜಿ ತೆಗೆದು ವರ್ನಿಯರಿನಲ್ಲಿ ಅಳೆಯಿರಿ. 10 ಮಿ.ಮೀ. ಕಂಬಿ 9ಕ್ಕೆ ಇಳಿದಿದ್ದರೆ ಅದರ ಬಲದ ಐದನೇ ಒಂದು ಭಾಗ ಹೋದಂತೆ. ಅಂಥದ್ದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ಪಕ್ಕದಲ್ಲಿ 14 ಮಿ.ಮೀ. ತೂತು ಕೊರೆದು, ಧೂಳು ಊದಿ ತೆಗೆದು, ಕೆಮಿಕಲ್ ಆಂಕರ್ ಎಂಬ ಅಂಟು ತುಂಬಿ ಹೊಸ ಕಂಬಿ ಕೂರಿಸಿದೆವು. ಇದರಲ್ಲಿ ಕೈಕೊಡುವುದು ಹೆಚ್ಚಾಗಿ ಧೂಳು. ಪಂಪಿನಿಂದ ಊದಿ, ಬ್ರಷ್ ಆಡಿಸಿ, ಮತ್ತೆ ಊದದಿದ್ದರೆ ಅಂಟು ಧೂಳಿಗೆ ಹಿಡಿಯುತ್ತದೆಯೇ ಹೊರತು ಕಾಂಕ್ರೀಟಿಗಲ್ಲ.

ಕಾಂಡ್ಯೂಟಿನ ಬಾಯಿ ಮುಚ್ಚದೆ ಬಿಟ್ಟಿದ್ದರೆ ಒಳಗೆ ಕಣಜ ಮಣ್ಣು ಮೆತ್ತಿರುತ್ತದೆ. ತಂತಿ ಎಳೆಯುವ ಸ್ಪ್ರಿಂಗನ್ನು ಪ್ರತಿ ಕೊಳವೆಯಲ್ಲೂ ಈ ತುದಿಯಿಂದ ಆ ತುದಿಗೆ ಹಾಯಿಸಿ ನೋಡಬೇಕು. ಸಿಕ್ಕಿಕೊಂಡರೆ ಸ್ಪ್ರಿಂಗಿನ ಉದ್ದ ಅಳೆದು ಗೋಡೆಯ ಮೇಲೆ ಗುರುತಿಸಿ ಅಷ್ಟೇ ಜಾಗ ಒಡೆಯಬಹುದು. ಹಳೆ ವೈರಿನ ಮೇಲೆ ಮೋಹ ಬೇಡ. ತುದಿಯ ತಾಮ್ರ ಕಪ್ಪಾಗಿದ್ದರೆ ತೇವ ಒಳಗೂ ಹೋಗಿದೆ. ಇಟ್ಟುಕೊಳ್ಳಲೇಬೇಕೆಂದರೆ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆಯ ನಿರೋಧ ಅಳೆಯುವ ಸಾಧನ) ಹಾಕಿಸಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿದರೆ ಎಳೆದು ಹಾಕಿ. ಬಿಸಿಲಿಗೆ ಬಿದ್ದಿದ್ದ ಸಿಪಿವಿಸಿ ಎಂಬ ಪ್ಲಾಸ್ಟಿಕ್ ನೀರಿನ ಪೈಪ್ ಪೆಡಸಾಗಿರುತ್ತದೆ, ಅಷ್ಟುದ್ದ ಕತ್ತರಿಸಿ ತೆಗೆಯಬೇಕು. ಉಳಿದದ್ದಕ್ಕೆ ಕೈಪಂಪಿನಿಂದ ಚದರ ಸೆಂ.ಮೀ.ಗೆ 7 ಕೆಜಿ ಒತ್ತಡ ಕೊಟ್ಟು ಎರಡು ಗಂಟೆ ಮಾಪಕದ ಮುಳ್ಳು ಇಳಿಯುತ್ತದೆಯೇ ನೋಡಿ. ಟೈಲ್ಸ್ ಹಾಕುವ ಮೊದಲೇ ಇದು ಮುಗಿಯಬೇಕು. ಮೂಲೆಯಲ್ಲಿ ಉಳಿದಿದ್ದ ಸಿಮೆಂಟ್ ಚೀಲಗಳ ಮಾತೇ ಬೇಡ. ಮೂರು ತಿಂಗಳು ದಾಟಿದ ಸಿಮೆಂಟು ಒಣ ಊರಲ್ಲೇ ಸತ್ವ ಕಳೆದುಕೊಳ್ಳುತ್ತದೆ, ನಮ್ಮ ಮಳೆಗಾಲ ಕಂಡದ್ದು ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ ಹಾಕಲು ಮಾತ್ರ ಸರಿ.

ನೀರಿನ ದಾರಿಗೆ ಬರೋಣ. ಮನೆಯ ಹಿಂದೆ ಬರೆ (ಗುಡ್ಡ ಕಡಿದು ಬಿಟ್ಟ ಮಣ್ಣಿನ ಕಡಿದಾದ ಅಂಚು) ಇದ್ದರೆ ಗೋಡೆಗೂ ಬರೆಗೂ ನಡುವೆ ಒಬ್ಬ ಮನುಷ್ಯ ಸಲಿಕೆ ಹಿಡಿದು ನಿಲ್ಲುವಷ್ಟು, ಅಂದರೆ ಮೂರು ಅಡಿಯಾದರೂ ಜಾಗ ಬೇಕು. ಚರಂಡಿಗೆ ನೂರು ಅಡಿಗೆ ಒಂದು ಅಡಿಯ ಇಳಿಜಾರು. ಬರೆಗೆ ಕಲ್ಲು ಕಟ್ಟಿದ್ದರೆ ಐದೈದು ಅಡಿಗೊಂದು ಮೂರು ಇಂಚಿನ ಪೈಪ್ ಇಟ್ಟು ಅದರ ಹಿಂದೆ ಜೆಲ್ಲಿ ತುಂಬಬೇಕು. ಕಲ್ಲು ಕಟ್ಟಡವನ್ನು ನೂಕುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಹಿಂದೆ ನಿಂತ ನೀರು. 2018ರ ಆಗಸ್ಟಿನ ಕುಸಿತಗಳನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಸೂರಿನ ನೀರನ್ನು ನೇರವಾಗಿ ಬರೆಯ ಬುಡಕ್ಕೆ ಬಿಡುವವರು ಇನ್ನೂ ಇದ್ದಾರೆ. ಬರೆಯ ಅಂಚಿಗೆ ಲಾವಂಚ ನೆಟ್ಟರೆ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ.

ಕೆಲಸಗಾರರ ಲೆಕ್ಕವೂ ಇಲ್ಲಿ ಬರುತ್ತದೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ಅಲ್ಲಿಂದ ಕಾಫಿ ಕೊಯ್ಲು ಬಿರುಸಾಗುವವರೆಗೆ ಸಿಗುವ ಜನರನ್ನು ಚರಂಡಿ ಮತ್ತು ಗೋಡೆ ದುರಸ್ತಿಗೆ ಹಾಕಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಯಾರೂ ಸಿಗರು, ಸಿಕ್ಕರೂ ತೋಟ ಬಿಟ್ಟು ಕರೆಯುವುದು ನಮಗೇ ನಷ್ಟ. ಆ ಸಮಯಕ್ಕೆ ಮರ ಕೊಯ್ಸಿ ಒಣಗಲು ಇಡುವುದು ಸರಿಹೋಗುತ್ತದೆ.

ಪಕ್ಕಾಸಿಗೆ (ಸೂರಿನ ಇಳಿಜಾರಿನ ಉದ್ದಕ್ಕೆ ಬರುವ ಮರ) ಹಲಸು, ರೀಪಿಗೆ (ಅದರ ಮೇಲೆ ಅಡ್ಡ ಹೊಡೆದು ಹಂಚು ಕೂರಿಸುವ ಪಟ್ಟಿ) ಸಿಲ್ವರ್ ಓಕ್ ಆರಿಸಿದೆವು. ಸ್ವಂತ ತೋಟದ ಮರವೇ ಆದರೂ ಯಾವ ಜಾತಿಗೆ ಅನುಮತಿ ಬೇಕೆಂದು ಅರಣ್ಯ ಕಚೇರಿಯಲ್ಲಿ ಕೇಳಿಯೇ ಗರಗಸ ಇಡಬೇಕು. ಬೀಟೆಯ ತಂಟೆಗಂತೂ ಹೋಗಬೇಡಿ. ಸಿಲ್ವರ್ ಓಕಿನ ದೊಡ್ಡ ದೋಷ ಕೊರೆಯುವ ಹುಳ. ಅದಕ್ಕೆ ಮದ್ದು ಬೋರಿಕ್ ಆಸಿಡ್ ಮತ್ತು ಬೋರಾಕ್ಸ್. 100 ಲೀಟರ್ ನೀರಿಗೆ 2 ಕೆಜಿ ಬೋರಿಕ್ ಆಸಿಡ್, 3 ಕೆಜಿ ಬೋರಾಕ್ಸ್. ಸ್ವಲ್ಪ ಬಿಸಿನೀರಿನಲ್ಲಿ ಮೊದಲು ಕರಗಿಸಿಕೊಂಡರೆ ತಳದಲ್ಲಿ ಹರಳು ನಿಲ್ಲುವುದಿಲ್ಲ. ತೋಡು ತೆಗೆದು ತಾರ್ಪಾಲು ಹಾಸಿ ತೊಟ್ಟಿ ಮಾಡಿ, ಕೊಯ್ದ ರೀಪುಗಳನ್ನು ಒಂದು ಹಗಲು ಒಂದು ರಾತ್ರಿ ಮುಳುಗಿಸಿಡಬೇಕು. ಮೇಲೆ ಕಲ್ಲು ಹೇರಲೇಬೇಕು, ಇಲ್ಲದಿದ್ದರೆ ತೇಲುತ್ತವೆ. ತೆಗೆದ ಮೇಲೆ ನೆರಳಲ್ಲಿ ಎರಡೆರಡು ಅಡಿಗೆ ಅಡ್ಡಪಟ್ಟಿ ಕೊಟ್ಟು ಒಟ್ಟಿ, ಗಾಳಿಯಾಡಲು ಬಿಡಿ. ಈ ಮದ್ದು ನೀರಿಗೆ ತೊಳೆದುಹೋಗುವಂಥದ್ದು, ಆದ್ದರಿಂದ ಮಳೆಗೆ ನೆನೆಯುವ ಸೂರಂಚಿನ ಹಲಗೆಗೆ ಇದೊಂದನ್ನೇ ನಂಬುವಂತಿಲ್ಲ. ಅಲ್ಲಿಗೆ ಮೇಲಿಂದ ಎಣ್ಣೆ ಬಣ್ಣವೂ ಬೇಕು.

ಹಂಚಿನ ಲೆಕ್ಕ ಹೀಗೆ. ಮಳೆ ಜಾಸ್ತಿ ಇರುವಲ್ಲಿ ಮಾಡಿನ (ಹಂಚಿನ ಚಾವಣಿಯ) ಇಳಿಜಾರು 30 ಡಿಗ್ರಿಗಿಂತ ಕಡಿಮೆ ಬೇಡ. ಹತ್ತು ಅಡಿ ಅಗಲಕ್ಕೆ ಗೋಡೆಯಿಂದ ಹೊರಚಾಚುವ ಎರಡೂವರೆ ಅಡಿ ಸೂರು ಸೇರಿದರೆ ಹನ್ನೆರಡೂವರೆ. ಓರೆಯಲ್ಲಿ ಅಳೆದರೆ 14.4 ಅಡಿ. ಉದ್ದ ಎರಡು ಬದಿಗೂ ಒಂದೊಂದು ಅಡಿ ಸೇರಿ 30. ಒಟ್ಟು 432 ಚದರಡಿ. ಮಂಗಳೂರು ಹಂಚು ಚದರಡಿಗೆ ಸುಮಾರು 1.4 ಬೇಕು, ಅಂದರೆ 605. ಒಡಕು ಮತ್ತು ಕತ್ತರಿಸುವುದಕ್ಕೆ ಸೇರಿಸಿ 650 ತರಿಸಿ. ಒಣ ಹಂಚಿನ ಭಾರವೇ ಒಂದೂವರೆ ಟನ್ ದಾಟುತ್ತದೆ, ಮಳೆಯಲ್ಲಿ ನೆಂದರೆ ಇನ್ನೂ ಹೆಚ್ಚು. ಅದಕ್ಕೇ 5×2 ಇಂಚಿನ ಪಕ್ಕಾಸು 20 ಇಂಚಿಗೊಂದು, ನಡುವೆ ಒಂದು ತೊಲೆ. ಹಂಚು ಇಳಿಸಿಕೊಳ್ಳುವಾಗ ಬೆರಳ ಗಂಟಿನಿಂದ ತಟ್ಟಿ. ಟಣ್ ಎಂದರೆ ಸರಿ, ದಡ್ ಎಂದರೆ ಬಿರುಕು ಇದೆ ಅಥವಾ ಸರಿಯಾಗಿ ಬೆಂದಿಲ್ಲ.

ರೀಪಿನ ಅಂತರವನ್ನು ಮೇಸ್ತ್ರಿಯ ಬಾಯಿಲೆಕ್ಕಕ್ಕೆ ಬಿಡಬೇಡಿ. ಬಂದ ಲೋಡಿನಿಂದಲೇ ಹನ್ನೊಂದು ಹಂಚು ತೆಗೆದು, ಸಮತಟ್ಟಾದ ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿ ಉದ್ದಕ್ಕೆ ಜೋಡಿಸಿ. ಎಷ್ಟು ಸಾಧ್ಯವೋ ಅಷ್ಟು ಎಳೆದು ಮೊದಲ ಹಂಚಿನ ಕೊಕ್ಕೆಯಿಂದ ಕೊನೆಯದರ ಕೊಕ್ಕೆವರೆಗೆ ಅಳೆಯಿರಿ, ಆಮೇಲೆ ಒತ್ತಿ ಅಳೆಯಿರಿ. ಎರಡರ ಸರಾಸರಿಯನ್ನು ಹತ್ತರಿಂದ ಭಾಗಿಸಿದರೆ ಆ ಲೋಡಿನ ಅಂತರ ಸಿಕ್ಕಿತು, ಸಾಮಾನ್ಯವಾಗಿ ಹನ್ನೆರಡರಿಂದ ಹನ್ನೆರಡೂವರೆ ಇಂಚಿನ ಆಸುಪಾಸು. ಕಾರ್ಖಾನೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಈ ಹಂಚನ್ನು ಮುಂದೆ ಎಷ್ಟೋ ಕಾರ್ಖಾನೆಗಳು ತಂತಮ್ಮ ಅಚ್ಚಿನಲ್ಲಿ ತೆಗೆದವು. ಹಾಗಾಗಿ ಹಳೆ ಮನೆಯಿಂದ ಇಳಿಸಿದ ಹಂಚನ್ನು ಹೊಸದರ ಜೊತೆ ಒಂದೇ ಮಾಡಿಗೆ ಬೆರೆಸಬಾರದು. ಕಚ್ಚು ಕೂರುವುದಿಲ್ಲ, ಎರಚಲು ಒಳಗೆ ಬರುತ್ತದೆ.

ಸೂರಂಚಿನ ಮೊದಲ ರೀಪು ಉಳಿದವುಗಳಿಗಿಂತ ಒಂದು ಹಂಚಿನ ದಪ್ಪದಷ್ಟು, ಮುಕ್ಕಾಲು ಇಂಚು, ಎತ್ತರವಿರಬೇಕು. ಮೇಲಿನ ಸಾಲುಗಳಿಗೆ ಕೆಳಗಿನ ಹಂಚೇ ಆಸರೆ, ಮೊದಲ ಸಾಲಿಗೆ ಆ ಆಸರೆ ಇಲ್ಲ. ಇದನ್ನು ಮರೆತ ಮಾಡುಗಳಲ್ಲಿ ಸೂರಿನ ಹಂಚು ಮೂಗು ತಗ್ಗಿಸಿಕೊಂಡು, ಎರಡನೇ ಸಾಲಿನ ಕೆಳಗೆ ಬಾಯಿ ಬಿಟ್ಟಿರುವುದನ್ನು ರಸ್ತೆಯಿಂದಲೇ ನೋಡಬಹುದು. ಗಾಳಿ ಒಳಗೆ ನುಗ್ಗಿ ಹಂಚು ಎತ್ತುವುದೂ ಅಲ್ಲಿಂದಲೇ. ಸೂರಂಚಿನ ಸಾಲು ಮತ್ತು ಎರಡು ಬದಿಯ ಅಂಚಿನ ಸಾಲುಗಳನ್ನು ಹಂಚಿನ ಕೆಳಗಿನ ತೂತಿನಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಪೋಣಿಸಿ ರೀಪಿಗೆ ಕಟ್ಟಬೇಕು.

ಇಡೀ ಕೆಲಸದಲ್ಲಿ ಸೋರುವ ಜಾಗ ಒಂದೇ, ಹೊಸ ಮಾಡು ಹಳೆ ಗೋಡೆಗೆ ತಾಗುವ ಸಂದು. ಅಲ್ಲಿಗೆ ಸಿಮೆಂಟ್ ಮೆತ್ತುವುದು ಊರ ರೂಢಿ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಣ್ಣಿನ ಗೋಡೆ ಅಲ್ಲಾಡುವುದಿಲ್ಲ, ನಡುವಿನ ಸಿಮೆಂಟು ಒಂದೇ ವರ್ಷದಲ್ಲಿ ಬಿರಿಯುತ್ತದೆ. ನಾವು ಹಾಕಿದ್ದು ಒಂದೂವರೆ ಅಡಿ ಅಗಲದ ಅಲ್ಯೂಮಿನಿಯಂ ತಗಡು. ಗೋಡೆಯಲ್ಲಿ ಒಂದು ಇಂಚು ಆಳದ ಗಾಡಿ (ಸೀಳು) ಕೊರೆದು ತಗಡಿನ ಮೇಲಂಚನ್ನು ಮಡಚಿ ಒಳಗೆ ತೂರಿಸಿ, ಬಾಯಿಗೆ ಪಿಯು ಸೀಲೆಂಟ್ (ರಬ್ಬರಿನಂತೆ ಹಿಗ್ಗುವ ಅಂಟು). ಕೆಳಗಂಚು ಹಂಚಿನ ಮೇಲೆ ಎಂಟು ಇಂಚು ಇಳಿದಿರಬೇಕು, ಆದರೆ ಹಂಚಿಗೆ ಅಂಟಿಸಬಾರದು. ತಗಡು ಹಂಚಿನ ಮೇಲೆ ಜಾರಾಡಲು ಬಿಡುವುದೇ ಇದರ ಗುಟ್ಟು. ಹಾಗೆಯೇ ಹೊಸ ಬ್ಲಾಕ್ ಗೋಡೆಯನ್ನು ಹಳೆ ಮಣ್ಣಿನ ಗೋಡೆಗೆ ಬೆಸೆಯಬೇಡಿ. ಎರಡರ ತಳಪಾಯ ಒಂದೇ ರೀತಿ ಕೂರುವುದಿಲ್ಲ. ಅರ್ಧ ಇಂಚು ಸಂದು ಬಿಟ್ಟು ಫೋಮ್ ಹಗ್ಗ ತುರುಕಿ ಸೀಲೆಂಟ್ ತುಂಬಿದರೆ ಗೀರು ಕಾಣಿಸಿಕೊಳ್ಳುವುದಿಲ್ಲ.

ತಾತ್ಕಾಲಿಕ ಶೀಟಿನ ಮಾಡು ಬಿಚ್ಚುವುದು ಮಾರ್ಚ್, ಏಪ್ರಿಲಿನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಹೇಳಿ ಬರುವುದಿಲ್ಲ, ಬಂದರೆ ತೋಟಕ್ಕೆ ಚಿನ್ನ, ಬಿಚ್ಚಿದ ಮಾಡಿಗೆ ಶನಿ. ಸಂಜೆಯೊಳಗೆ ಮುಚ್ಚಲು ಆಗುವಷ್ಟನ್ನೇ ಬೆಳಿಗ್ಗೆ ಬಿಚ್ಚಿ. ಸೂರಂಚಿನ ನೀರು ಹಿಡಿಯುವ ದೋಣಿಯ ಲೆಕ್ಕ: ಈ ಮಾಡು ಮೇಲಿಂದ ನೋಡಿದರೆ 35 ಚದರ ಮೀಟರ್, ಗಂಟೆಗೆ 100 ಮಿ.ಮೀ. ಜಡಿದರೆ 3,500 ಲೀಟರ್. ಆರು ಇಂಚಿನ ದೋಣಿ, ಎರಡು ತುದಿಗೂ ನಾಲ್ಕು ಇಂಚಿನ ಇಳಿಪೈಪ್ ಹಾಕಿದೆವು. ಒಂದೇ ಪೈಪಾದರೆ ಸಿಲ್ವರ್ ಓಕಿನ ಎಲೆ ಸಿಕ್ಕಿಕೊಂಡ ದಿನ ದೋಣಿ ತುಂಬಿ ನೀರು ಗೋಡೆ ಮೇಲೆ ಇಳಿಯುತ್ತದೆ.

ಹೊರಗಾರೆ ಮೇ ಮಧ್ಯದೊಳಗೆ ಮುಗಿಯಬೇಕು: ಸಿಮೆಂಟಿಗೆ ಮರಳು 1:4, ಎರಡು ಕೋಟು, ಒಟ್ಟು 20 ಮಿ.ಮೀ. ಒಳಗಾರೆ 1:6, 12 ಮಿ.ಮೀ., ಅದಕ್ಕೆ ಆತುರವಿಲ್ಲ. ವೈರಿಂಗಿನಲ್ಲಿ ಬೆಳಕಿಗೆ 1.5, ಸಾಕೆಟ್ಟಿಗೆ 2.5, ಗೀಸರಿಗೆ 4 ಚದರ ಮಿ.ಮೀ., ಜೊತೆಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಬಳಿದು, ಮೋರಿ ಬಾಯಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ ಎರಡು ದಿನ ನೋಡಿದ ಮೇಲೆಯೇ ಟೈಲ್ಸ್. ಇಳಿಜಾರು ನಾಲ್ಕು ಅಡಿಗೆ ಮುಕ್ಕಾಲು ಇಂಚು.

ಜಗಲಿಗೆ ರೆಡ್ ಆಕ್ಸೈಡ್. ಕೆಳಗಿನ ಕಾಂಕ್ರೀಟಿನ ಅಡಿಗೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಸದಿದ್ದರೆ ನೆಲದ ಥಂಡಿ ಮೇಲೇರಿ ಕೆಂಪಿನ ಮೇಲೆ ಬಿಳಿ ಉಪ್ಪು ಹೂ ಬಿಡುತ್ತದೆ, ಎಷ್ಟು ಒರೆಸಿದರೂ ಹೋಗದು. 10 ಕೆಜಿ ಸಿಮೆಂಟಿಗೆ 1 ಕೆಜಿ ಆಕ್ಸೈಡ್, ಅದಕ್ಕಿಂತ ಹೆಚ್ಚು ಹಾಕಿದರೆ ಬಣ್ಣ ಏರುವುದಿಲ್ಲ, ಗಟ್ಟಿತನ ಇಳಿಯುತ್ತದೆ. ಇಡೀ ಜಗಲಿಗೆ ಬೇಕಾದಷ್ಟನ್ನೂ ಒಣದಲ್ಲೇ ಮೂರು ಸಲ ಜರಡಿ ಹಿಡಿದು ಒಟ್ಟಿಗೆ ಬೆರೆಸಿಡಿ, ಕಂತಿನಲ್ಲಿ ಬೆರೆಸಿದರೆ ತೇಪೆ ತೇಪೆಯಾಗಿ ಕಾಣುತ್ತದೆ. 1:3ರ ತಳಗಾರೆ ಹಸಿ ಇರುವಾಗಲೇ ಮೇಲ್ಪದರ ಹಾಕಬೇಕು: ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಮೂರು, ನಾಲ್ಕು ಮಿ.ಮೀ. ಸಾಕು. ಕರಣೆಯನ್ನು ತುಸು ಓರೆಯಾಗಿ ಹಿಡಿದು ಹೊಳಪು ಬರುವವರೆಗೆ ತಿಕ್ಕಿ. ಮೇಲೆ ಒಣ ಸಿಮೆಂಟ್ ಉದುರಿಸಲು ಬಂದವರ ಕೈ ತಡೆಯಿರಿ, ಆ ಪುಡಿ ಪದರವೇ ಮುಂದೆ ಜೇಡರ ಬಲೆಯಂಥ ಬಿರುಕಿಗೆ ಕಾರಣ. ಮರುದಿನದಿಂದ ಏಳು ದಿನ ನೀರು ನಿಲ್ಲಿಸಿ. ಮಳೆಗಾಲದ ಗಾಳಿ ಈ ಒಂದು ಕೆಲಸಕ್ಕೆ ಮಾತ್ರ ಒಳ್ಳೆಯದು, ನೆಲ ಬೇಗ ಆರುವುದಿಲ್ಲ. ತಿಂಗಳಾದ ಮೇಲೆ ಕೊಬ್ಬರಿ ಎಣ್ಣೆ.

ಪುಟ್ಟಿ, ಬಣ್ಣವನ್ನು ಮೊದಲ ಮಳೆಗಾಲ ಕಳೆದು ಡಿಸೆಂಬರಿಗೆ ಇಟ್ಟುಕೊಳ್ಳಿ. ಜೂನ್‌ನಲ್ಲಿ ಬಳಿದ ಬಣ್ಣದ ಹಿಂದೆ ಗೋಡೆಯ ನೀರು ಸಿಕ್ಕಿಬಿದ್ದು ಗುಳ್ಳೆ ಏಳುತ್ತದೆ. ಗೃಹಪ್ರವೇಶಕ್ಕೆ ಬೆಳ್ಳಗಿರಲಿ ಎಂದರೆ ಒಂದು ಕೈ ಸುಣ್ಣ ಸಾಕು, ಸುಣ್ಣ ಉಸಿರಾಡುತ್ತದೆ. ಡಿಸೆಂಬರಿನಲ್ಲಿ ಪುಟ್ಟಿಗೆ ಮೊದಲು ಅದನ್ನು ಕೆರೆದು ತೆಗೆಯಬೇಕಾಗುತ್ತದೆ, ಅಷ್ಟೇ. ಉಳಿದ ಹಂಚುಗಳನ್ನು ಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿಡಿ, ಮಲಗಿಸಿ ಒಟ್ಟಿದರೆ ಅಡಿಯವು ಬಿರಿಯುತ್ತವೆ. ಒಡೆದದ್ದನ್ನು ಬದಲಿಸಲು ಮಾಡು ಹತ್ತಬೇಕಿಲ್ಲ. ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಎರಡು ಹಂಚು ಮತ್ತು ಪಕ್ಕದ ಒಂದನ್ನು ಅಂಗೈಯಿಂದ ಎತ್ತಿ ಹಿಡಿದರೆ ಒಡಕು ಕೆಳಗೆ ಜಾರಿ ಬರುತ್ತದೆ, ಹೊಸದನ್ನು ಅದೇ ಸಂದಿನಲ್ಲಿ ಓರೆಯಾಗಿ ಮೇಲೆ ತೂರಿಸಿ ಕೊಕ್ಕೆ ರೀಪಿಗೆ ಸಿಕ್ಕುವವರೆಗೆ ಕೆಳಗೆ ಎಳೆಯಬೇಕು.