ಅಕ್ವಿನಾಸ್‌ನನ್ನು ನಾನು ಆಕ್ಷೇಪಣೆಗಳಿಂದ ಓದಲು ಶುರು ಮಾಡಿದ್ದು

ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವರಿಗೆ ಇದು ಗೊತ್ತಿರುತ್ತದೆ. ಪಾಶ್ಚಾತ್ಯ ರಾಜಕೀಯ ಚಿಂತನೆಯಲ್ಲಿ ಪ್ಲೇಟೋ, ಅರಿಸ್ಟಾಟಲ್ ಮುಗಿಸುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಹೋಗಿರುತ್ತದೆ, ಮಧ್ಯಯುಗವನ್ನು ಎರಡು ಕ್ಲಾಸಿನಲ್ಲಿ ದಾಟಿಸಿ ಮೆಕಿಯಾವೆಲ್ಲಿಗೆ ಓಡುತ್ತೇವೆ. ನಾನೂ ಐದಾರು ವರ್ಷ ಹಾಗೇ ಮಾಡಿದೆ. ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಅಂದರೆ ಬೋರ್ಡಿನ ಮೇಲೆ ನಾಲ್ಕು ಹೆಸರು: ಶಾಶ್ವತ ಕಾನೂನು, ನೈಸರ್ಗಿಕ ಕಾನೂನು, ಮಾನವ ಕಾನೂನು, ದೈವಿಕ ಕಾನೂನು. ಒಂದೊಂದಕ್ಕೂ ಮೂರು ಸಾಲು ನೋಟ್ಸ್. ಪರೀಕ್ಷೆಗೆ ಅಷ್ಟು ಸಾಕು.

ಒಂದು ದಿನ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ನೈಸರ್ಗಿಕ ಕಾನೂನು ಅಂದ್ರೆ ಗುರುತ್ವಾಕರ್ಷಣೆ ತರಹಾನಾ?" ಕಲ್ಲು ಕೆಳಗೆ ಬೀಳೋದೂ ನಿಸರ್ಗದ ನಿಯಮ ತಾನೇ? ನಾನು ನೋಟ್ಸಿನಲ್ಲಿದ್ದದ್ದನ್ನೇ ಇನ್ನೊಂದು ಸಲ ನಿಧಾನವಾಗಿ ಹೇಳಿದೆ. ಅವಳು ಬರೆದುಕೊಂಡಳು. ಆದರೆ ಅವಳ ಪ್ರಶ್ನೆಗೆ ಅದು ಉತ್ತರ ಆಗಿರಲಿಲ್ಲ, ಇಬ್ಬರಿಗೂ ಗೊತ್ತಾಯಿತು. ಅಷ್ಟು ವರ್ಷ ಪಾಠ ಮಾಡಿದ್ದೆ, ಅಕ್ವಿನಾಸ್ ಬರೆದ ಒಂದು ಪುಟವನ್ನೂ ಓದಿರಲಿಲ್ಲ.

ಆ ರಜೆಯಲ್ಲಿ ಅವನ ದೊಡ್ಡ ದೇವತಾಶಾಸ್ತ್ರ ಗ್ರಂಥ 'ಸುಮ್ಮಾ ಥಿಯಾಲಜಿಯೆ'ಯ ಇಂಗ್ಲಿಷ್ ಅನುವಾದ ಹಿಡಿದು ಕೂತೆ. ಅದರ ಅಧ್ಯಾಯಗಳಿಗೆ 'ಪ್ರಶ್ನೆ' ಅಂತಲೇ ಹೆಸರು. ಅದು ದೊಡ್ಡ ಕಾಡು. ಅದರಲ್ಲಿ ಕಾನೂನಿನ ಬಗ್ಗೆ ನಮಗೆ ಮುಖ್ಯವಾಗಿ ಬೇಕಾದ ಭಾಗ ಚಿಕ್ಕದು, ಎರಡನೇ ಭಾಗದ ಮೊದಲರ್ಧದಲ್ಲಿ 90ರಿಂದ 97ರವರೆಗಿನ ಪ್ರಶ್ನೆಗಳು. ಅದನ್ನು ಅವನು ಪ್ಯಾರಿಸ್‌ನಲ್ಲಿ ಸುಮಾರು 1271ರ ಹೊತ್ತಿಗೆ ಬರೆದ. ಪ್ರತಿ ಪ್ರಶ್ನೆಯಲ್ಲೂ ಉಪಪ್ರಶ್ನೆಗಳಿವೆ, ಎಲ್ಲ ಸೇರಿ 38. ಎಲ್ಲಕ್ಕೂ ಒಂದೇ ಅಚ್ಚು. ಮೊದಲು ತನ್ನ ಮಾತಿಗೆ ಎದುರಾಗಿ ಬರುವ ಆಕ್ಷೇಪಣೆಗಳನ್ನು ಅವನೇ ಜೋಡಿಸುತ್ತಾನೆ. ಆಮೇಲೆ "ಆದರೆ ಇದಕ್ಕೆ ಎದುರಾಗಿ" ಅಂತ ಒಂದು ಹಳೆಯ ಮಾತು ಇಡುತ್ತಾನೆ. ಆಮೇಲೆ "ನನ್ನ ಉತ್ತರ ಇದು". ಕೊನೆಗೆ ಒಂದೊಂದೇ ಆಕ್ಷೇಪಣೆಗೆ ಸಮಾಧಾನ. ನಮ್ಮ ಶಾಸ್ತ್ರಗಳ ಪೂರ್ವಪಕ್ಷ, ಸಿದ್ಧಾಂತ ಗೊತ್ತಿದ್ದವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ.

ಮೊದಲ ವಾರ ತಪ್ಪು ಮಾಡಿದೆ. ಟೈಮ್ ಉಳಿಯುತ್ತದೆ ಅಂತ ನೇರವಾಗಿ "ನನ್ನ ಉತ್ತರ"ಕ್ಕೆ ಹೋಗುತ್ತಿದ್ದೆ. ಏನೂ ಮನಸ್ಸಿಗೆ ಹತ್ತಲಿಲ್ಲ, ಎಲ್ಲವೂ ಮತ್ತೆ ನೋಟ್ಸಿನ ಥರವೇ ಕಾಣುತ್ತಿತ್ತು. ಆಮೇಲೆ ದಾರಿ ಬದಲಿಸಿದೆ. ದಿನಕ್ಕೆ ಒಂದೇ ಉಪಪ್ರಶ್ನೆ. ಆಕ್ಷೇಪಣೆಗಳನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು, ಪುಸ್ತಕ ಮುಚ್ಚುವುದು, ನನಗೆ ತೋಚಿದ ಉತ್ತರ ಬರೆಯುವುದು, ಆಮೇಲೆ ಅವನದ್ದನ್ನು ಓದುವುದು.

ಕನ್ನಡದಲ್ಲಿ ಬರೆಯೋದು ಸುಮ್ನೆ ಅಭ್ಯಾಸಕ್ಕೆ ಅಂದುಕೊಂಡಿದ್ದೆ, ಅದೇ ದೊಡ್ಡ ಕೆಲಸವಾಯಿತು. ಕಾನೂನಿಗೆ ಮೂಲವಾದ ಆ ಶಕ್ತಿಗೆ ಮೊದಲು 'ತರ್ಕ' ಅಂತ ಬರೆದೆ. ತರ್ಕ ಅಂದ ಕೂಡಲೇ ವಾದದಲ್ಲಿ ಗೆಲ್ಲುವ ಮಾತು ನೆನಪಾಗುತ್ತದೆ. ಅವನು ಹೇಳುತ್ತಿರುವುದು ಗುರಿ ಯಾವುದು, ಅದಕ್ಕೆ ದಾರಿ ಯಾವುದು ಅಂತ ತೂಗಿ ನೋಡುವ ಶಕ್ತಿ. 'ತರ್ಕ' ಹೊಡೆದುಹಾಕಿ 'ವಿವೇಚನೆ' ಅಂತ ಬರೆದೆ. ಆಗ 90ನೇ ಪ್ರಶ್ನೆಯ ವ್ಯಾಖ್ಯೆ ಸರಿಯಾಗಿ ಕೂತಿತು: ಕಾನೂನು ಅಂದರೆ ವಿವೇಚನೆಯ ಕಟ್ಟಳೆ, ಎಲ್ಲರ ಒಳಿತಿಗಾಗಿ ಇರುವಂಥದ್ದು, ಸಮುದಾಯದ ಹೊಣೆ ಹೊತ್ತವರು ಮಾಡಿದ್ದು, ಜನಕ್ಕೆ ಸಾರಿ ತಿಳಿಸಿದ್ದು.

ಆ ಕೊನೆಯ ತುಂಡಿಗೆ ಅಲ್ಲೇ ಒಂದು ಆಕ್ಷೇಪಣೆ ಇದೆ. ನೈಸರ್ಗಿಕ ಕಾನೂನನ್ನು ಯಾರೂ ಸಾರಿಲ್ಲವಲ್ಲ, ಹಾಗಾದರೆ ಅದು ಕಾನೂನು ಹೇಗಾಯಿತು? ದೇವರು ಅದನ್ನು ಮನುಷ್ಯರ ಮನಸ್ಸಿನಲ್ಲೇ ಇಟ್ಟಿದ್ದಾನೆ, ತಾನಾಗಿ ತಿಳಿಯುವ ಹಾಗೆ, ಅದೇ ಸಾರಿದ್ದು ಅನ್ನುತ್ತಾನೆ. ಮುಂದಿನ ಪ್ರಶ್ನೆಯಲ್ಲಿ ಇನ್ನೊಂದು ಆಕ್ಷೇಪಣೆ: ಪ್ರಾಣಿಗಳೂ ದೇವರ ವ್ಯವಸ್ಥೆಗೇ ಒಳಪಟ್ಟಿವೆ, ಅವಕ್ಕೂ ಈ ಕಾನೂನು ಇರಬೇಕಲ್ಲ? ಅವಕ್ಕೂ ತಮ್ಮ ರೀತಿಯಲ್ಲಿ ಪಾಲಿದೆ, ಆದರೆ ಕಾನೂನು ವಿವೇಚನೆಗೆ ಸೇರಿದ್ದು, ವಿವೇಚನೆ ಇಲ್ಲದ ಕಡೆ ಅದನ್ನು ಕಾನೂನು ಅನ್ನುವುದು ಬರೀ ಹೋಲಿಕೆಗೆ ಅಂತ ಉತ್ತರ. ಓದುತ್ತಾ ಕುರ್ಚಿಯಿಂದ ಎದ್ದುಬಿಟ್ಟೆ. ಆ ಹುಡುಗಿಯ ಪ್ರಶ್ನೆ ಇದೇ ಅಲ್ವಾ? ಏಳುನೂರೈವತ್ತು ವರ್ಷದ ಹಿಂದೆಯೇ ಅದನ್ನು ಬರೆದಿಟ್ಟು ಉತ್ತರ ಕೊಟ್ಟಿದ್ದ. ಬೀಳುವ ಕಲ್ಲಿಗೆ ತಾನು ಬೀಳುತ್ತಿದ್ದೇನೆ ಅಂತ ಗೊತ್ತಿಲ್ಲ. ಮನುಷ್ಯನಿಗೆ ಗೊತ್ತಿರುತ್ತದೆ, ಅವನು ಆರಿಸಿಕೊಳ್ಳಬೇಕು.

94ರಲ್ಲಿ ಒಳಿತನ್ನು ಮಾಡು, ಕೆಡುಕನ್ನು ಬಿಡು ಅನ್ನುವ ಮೂಲ ಸೂತ್ರ ಬರುತ್ತದೆ, ಅದು ಎಲ್ಲ ನೋಟ್ಸಿನಲ್ಲೂ ಇದೆ. ನನಗೆ ಬೆಲೆಬಾಳುವುದು ಅನ್ನಿಸಿದ್ದು ಅದೇ ಪ್ರಶ್ನೆಯ ನಾಲ್ಕನೇ ಉಪಪ್ರಶ್ನೆ. ಜೋಪಾನಕ್ಕೆ ಕೊಟ್ಟ ವಸ್ತುವನ್ನು ಕೇಳಿದಾಗ ವಾಪಸ್ ಕೊಡಬೇಕು, ಸರಿ. ಆದರೆ ಕೊಟ್ಟವನು ಅದನ್ನು ಸ್ವಂತ ನಾಡಿನ ಮೇಲೆ ಯುದ್ಧಕ್ಕೆ ಬಳಸುವುದಕ್ಕೇ ಕೇಳುತ್ತಿದ್ದರೆ? ಕೊಡಬಾರದು. ಸೂತ್ರ ಎಲ್ಲರಿಗೂ ಒಂದೇ, ವಿವರಕ್ಕೆ ಇಳಿದಷ್ಟೂ ಅದು ತಪ್ಪುವ ಸಂದರ್ಭ ಜಾಸ್ತಿ ಅನ್ನುತ್ತಾನೆ. ಜರ್ಮನ್ನರಲ್ಲಿ ಕಳ್ಳತನ ತಪ್ಪು ಅನ್ನಿಸಿಕೊಳ್ಳುತ್ತಿರಲಿಲ್ಲ ಅಂತ ಸೀಸರ್ ಬರೆದದ್ದನ್ನೂ ಅಲ್ಲೇ ತರುತ್ತಾನೆ. ಕೆಟ್ಟ ರೂಢಿಯಿಂದ ವಿವೇಚನೆ ಮಸುಕಾಗಬಹುದು ಅನ್ನುವುದಕ್ಕೆ ಅದು ಉದಾಹರಣೆ.

ನಂಬಿಕೆ ಮತ್ತು ವಿವೇಚನೆಯ ವಿಷಯ ನನಗೆ ತಿಳಿಯಾಗಿದ್ದು ಬೇರೆ ಕಡೆ. ಅವನ ಕಾಲದಲ್ಲಿ ಇದು ಕುರ್ಚಿಯಲ್ಲಿ ಕೂತು ಆಡುವ ಮಾತಾಗಿರಲಿಲ್ಲ. 1210ರಲ್ಲೇ ಪ್ಯಾರಿಸ್‌ನಲ್ಲಿ ಅರಿಸ್ಟಾಟಲ್‌ನ ಪ್ರಕೃತಿ ಕುರಿತ ಪುಸ್ತಕಗಳ ಪಾಠ ನಿಷೇಧವಾಗಿತ್ತು. ಅರಿಸ್ಟಾಟಲ್‌ನ 'ಪಾಲಿಟಿಕ್ಸ್' ಲ್ಯಾಟಿನ್‌ಗೆ ಪೂರ್ತಿ ಬಂದದ್ದೇ ಸುಮಾರು 1260ರಲ್ಲಿ, ಮೋರ್ಬೆಕೆಯ ವಿಲಿಯಂ ಕೈಯಿಂದ. ಅಕ್ವಿನಾಸ್ ತೀರಿಕೊಂಡು ಸರಿಯಾಗಿ ಮೂರು ವರ್ಷಕ್ಕೆ, 1277ರ ಮಾರ್ಚ್ 7ರಂದು, ಪ್ಯಾರಿಸ್‌ನ ಬಿಷಪ್ 219 ಅಭಿಪ್ರಾಯಗಳನ್ನು ಖಂಡಿಸಿದರು, ಅವುಗಳಲ್ಲಿ ಕೆಲವು ಇವನ ವಿಚಾರಕ್ಕೂ ತಗಲುವಂಥವು. ಇಂಥ ಕಾಲದಲ್ಲಿ ಒಬ್ಬ ಸನ್ಯಾಸಿ, ದೇವರ ಕೃಪೆ ಮನುಷ್ಯಸ್ವಭಾವವನ್ನು ಅಳಿಸುವುದಿಲ್ಲ, ಪೂರ್ತಿ ಮಾಡುತ್ತದೆ ಅಂತ ಬರೆದ.

ಅದರ ರಾಜಕೀಯ ಅರ್ಥ ಎರಡನೇ ಭಾಗದ ಉತ್ತರಾರ್ಧದಲ್ಲಿ, 10ನೇ ಪ್ರಶ್ನೆಯಲ್ಲಿದೆ. ಕ್ರೈಸ್ತನಲ್ಲದ ರಾಜ ಕ್ರೈಸ್ತರನ್ನು ಆಳಬಹುದೇ? ಆಳ್ವಿಕೆ ಹುಟ್ಟಿದ್ದು ಮನುಷ್ಯರ ಕಾನೂನಿನಿಂದ. ವಿಶ್ವಾಸಿ, ಅವಿಶ್ವಾಸಿ ಅನ್ನುವ ಭೇದ ದೈವಿಕ ಕಾನೂನಿನದು. ಕೃಪೆಯಿಂದ ಬಂದ ಕಾನೂನು ವಿವೇಚನೆಯಿಂದ ಬಂದ ಕಾನೂನನ್ನು ರದ್ದು ಮಾಡುವುದಿಲ್ಲ. ಹಾಗಾಗಿ ರಾಜನ ಧರ್ಮ ಬೇರೆ ಅನ್ನುವ ಒಂದೇ ಕಾರಣಕ್ಕೆ ಅವನ ಅಧಿಕಾರ ಹೋಗುವುದಿಲ್ಲ. ಎಂಥಾ ಮಾತು ಅಂತ ಖುಷಿಪಟ್ಟೆ. ಆದರೆ ಅದೇ ಉತ್ತರದಲ್ಲಿ ಮುಂದೆ, ಚರ್ಚ್ ಬೇಕಾದರೆ ಆ ಅಧಿಕಾರವನ್ನು ಕಿತ್ತುಕೊಳ್ಳಬಹುದು ಅಂತಲೂ ಹೇಳುತ್ತಾನೆ. ಮುಂದಿನ ಪ್ರಶ್ನೆಯಲ್ಲಿ, ಚರ್ಚಿನ ಬೋಧನೆಗೆ ವಿರುದ್ಧ ನಿಂತು ಹಟ ಬಿಡದ ಪಾಷಂಡಿಗಳಿಗೆ ಮರಣದಂಡನೆ ಸರಿ ಅನ್ನುತ್ತಾನೆ. ಓದಿ ಬೇಜಾರಾಯಿತು, ಈಗಲೂ ಆಗುತ್ತದೆ. ಕ್ಲಾಸಿನಲ್ಲಿ ಆ ಎರಡನ್ನೂ ಬಿಡದೆ ಓದುತ್ತೇನೆ. ಒಂದನ್ನೇ ಓದಿದರೆ ಅವನನ್ನು ನಮ್ಮ ಕಾಲಕ್ಕೆ ತಕ್ಕ ಹಾಗೆ ತಿದ್ದಿದಂತೆ ಆಗುತ್ತದೆ.

ಈಗ ನಾನು ಪಾಠ ಶುರು ಮಾಡುವುದು ವ್ಯಾಖ್ಯೆಯಿಂದ ಅಲ್ಲ, 96ನೇ ಪ್ರಶ್ನೆಯ ಆರನೇ ಉಪಪ್ರಶ್ನೆಯಿಂದ. ಬೋರ್ಡಿನ ಮೇಲೆ ಒಂದು ಕೋಟೆ ಬರೆಯುತ್ತೇನೆ, ಅದಕ್ಕೊಂದು ಬಾಗಿಲು. ಊರಿಗೆ ಮುತ್ತಿಗೆ ಬಿದ್ದಿದೆ, ಬಾಗಿಲು ತೆಗೆಯಬಾರದು ಅಂತ ಕಾನೂನಾಗಿದೆ. ಊರನ್ನು ಕಾಯಲು ಹೋದ ನಮ್ಮವರೇ ಓಡಿ ಬರುತ್ತಿದ್ದಾರೆ, ಬೆನ್ನ ಹಿಂದೆ ಶತ್ರುಗಳು. ಬಾಗಿಲು ಕಾಯುವವನು ನೀವು. ತೆಗೆಯುತ್ತೀರಾ? ಕ್ಲಾಸು ಎರಡು ಪಾಲಾಗುತ್ತದೆ. ಪ್ರತಿ ಪಕ್ಷದ ಕಾರಣಗಳನ್ನೂ ಬೋರ್ಡಿಗೆ ಏರಿಸಿದ ಮೇಲೇ ಅಕ್ವಿನಾಸ್‌ನ ಉತ್ತರ ಓದುತ್ತೇನೆ. ತೆಗೆಯಬೇಕು ಅನ್ನುತ್ತಾನೆ, ಕಾನೂನು ಮಾಡಿದವರ ಉದ್ದೇಶ ಊರು ಉಳಿಯಲಿ ಅನ್ನುವುದು, ಅಕ್ಷರ ಹಿಡಿದರೆ ಆ ಉದ್ದೇಶವೇ ಕೆಡುತ್ತದೆ. ಆದರೆ ಕೇಳಲು ಸಮಯ ಇದ್ದರೆ ಅದನ್ನು ತೀರ್ಮಾನಿಸುವುದು ಅಧಿಕಾರದಲ್ಲಿ ಇರುವವರ ಕೆಲಸ. ಅಪಾಯ ತಲೆ ಮೇಲೆ ಬಂದಾಗ ಮಾತ್ರ ಕಾವಲಿನವನು ತಾನೇ ತೀರ್ಮಾನಿಸಬಹುದು.

ಹೋದ ವರ್ಷ ಒಬ್ಬ ಹುಡುಗ ಎದ್ದು ನಿಂತು, "ಓಡಿ ಬರ್ತಿರೋರು ನಮ್ಮವರ ವೇಷ ಹಾಕಿದ ಶತ್ರುಗಳೇ ಆಗಿದ್ರೆ?" ಅಂದ. ಎರಡನೇ ಆಕ್ಷೇಪಣೆಯ ಸಮಾಧಾನ ತೆರೆದು ಓದಿದೆ: ಸಂಶಯ ಇದ್ದರೆ ಕಾನೂನಿನ ಅಕ್ಷರದಂತೆ ನಡೆ, ಇಲ್ಲವೇ ಮೇಲಿನವರನ್ನು ಕೇಳು. "ಆ ಗಲಾಟೆಯಲ್ಲಿ ಯಾರನ್ನ ಕೇಳೋದು ಮೇಡಂ?" ಅಂದ. ಬೆಲ್ ಆಯಿತು. ಅವನ ಮಾತನ್ನು ನೋಟ್‌ಬುಕ್ಕಿನಲ್ಲಿ, ಅಕ್ವಿನಾಸ್‌ನ ಮೂರು ಆಕ್ಷೇಪಣೆಗಳ ಕೆಳಗೆ, ನಾಲ್ಕನೆಯದಾಗಿ ಬರೆದಿಟ್ಟಿದ್ದೇನೆ.